ಹಿಮಹಲಗೆಯೂ ಭಾರದ ಆಳೂ

ಕೋಲಾರದ ಸೀಮೆಯಲ್ಲಿ ಹುಟ್ಟಿ ಬೆಳೆದವನೊಬ್ಬನು ಹಿಮವನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬಂದೀತು. ನಮ್ಮದು ಕೆರೆಗಳನ್ನು ನೆಚ್ಚಿಕೊಂಡ ನಾಡು. ಮಳೆ ಬಂದರೆ ಕೆರೆಯ ನೀರು, ಬಾರದಿದ್ದರೆ ಕೆರೆಯಂಗಳದ ಬಿರುಕು. ಇವೆರಡನ್ನು ಬಿಟ್ಟು ಮೂರನೆಯದನ್ನು ನಾವು ಕಂಡದ್ದು ಕಡಮೆ. ಡಿ.ವಿ.ಜಿ.ಯವರ ಮುಳಬಾಗಿಲಿನಲ್ಲಾಗಲಿ ಮಾಸ್ತಿಯವರ ಮಾಲೂರು ಸೀಮೆಯಲ್ಲಾಗಲಿ ಹಿಮ ಬಿದ್ದ ಕಥೆಯನ್ನು ಹೇಳುವ ಅಜ್ಜಂದಿರಿಲ್ಲ. ಆಲಿಕಲ್ಲು ಬೀಳುವುದುಂಟು, ಶ್ರೀನಿವಾಸಪುರದ ಮಾವಿನ ತೋಟದವರನ್ನು ಕೇಳಿದರೆ ಅದರ ಪ್ರತಾಪವನ್ನು ಹೇಳಿಯಾರು. ಮಾರ್ಗಶಿರದ ಬೆಳಗಿನಲ್ಲಿ ಅಂತರಗಂಗೆಯ ಬೆಟ್ಟಕ್ಕೆ ಮಂಜು ಕವಿಯುವುದುಂಟು. ನಮ್ಮ ಮಾತೂ ಅಷ್ಟಕ್ಕೇ ನಿಂತುಬಿಟ್ಟಿದೆ. ದಾರಿ ಕಾಣದಂತೆ ಮುಸುಕುವ ಮಂಜಿಗೂ ಪರ್ವತದ ನೆತ್ತಿಯ ಹಿಮಕ್ಕೂ ಎಷ್ಟೋ ವೇಳೆ ‘ಮಂಜು’ ಎಂಬ ಒಂದೇ ಪದವನ್ನು ಆಡಿ ಸುಮ್ಮನಾಗುತ್ತೇವೆ. ಹಿಮದಲ್ಲಿ ಜಾತಿಗಳಿವೆ, ಹೊಸತು ಬೇರೆ ಹಳತು ಬೇರೆ, ಹಸಿಯದು ಬೇರೆ ಒಣಗಿದ್ದು ಬೇರೆ ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದಾಗ.

ಮಗಳ ಮನೆಯಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದ ಹೊರವಲಯದಲ್ಲಿ. ಅಲ್ಲಿ ಕನ್ನಡದ ಸಂಸಾರಗಳು ಬೇಕಾದಷ್ಟಿವೆ. ಯುಗಾದಿಗೂ ರಾಜ್ಯೋತ್ಸವಕ್ಕೂ ಸೇರುತ್ತಾರೆ. ಊರಿನ ಪೂರ್ವಕ್ಕೆ ಕ್ಯಾಸ್ಕೇಡ್ ಎಂಬ ಪರ್ವತಸಾಲು. ಶನಿವಾರ ಭಾನುವಾರಗಳಂದು ಊರಿಗೆ ಊರೇ ಆ ಬೆಟ್ಟಗಳಿಗೆ ಏರುತ್ತದೆ. ನಮ್ಮ ಅಳಿಯಂದಿರು ಮುಳಬಾಗಿಲು ಕಡೆಯ ಒಕ್ಕಲು ಮನೆತನದವರು. ಮನೆಮಾತು ತೆಲುಗಾದರೂ ಕನ್ನಡ ಶಾಲೆಯಲ್ಲಿ ಓದಿದವರು. ಆರು ಅಡಿ ಮೂರು ಅಂಗುಲದ ಎತ್ತರ, ಅದಕ್ಕೆ ತಕ್ಕ ಮೈ, ನೂರ ನಾಲ್ಕು ಕಿಲೋ ತೂಕ. ಅವರ ಚಪ್ಪಲಿಯನ್ನು ನೋಡಿಯೇ ಮನೆಗೆ ಬಂದವರು ಒಳಗೆ ಯಾರಿದ್ದಾರೆಂದು ತಿಳಿಯುತ್ತಾರೆ. ಇವರಿಗೆ ಮೂವತ್ತೈದು ದಾಟಿದ ಮೇಲೆ ಸ್ನೋಬೋರ್ಡಿನ ಹುಚ್ಚು ಹಿಡಿಯಿತು. ಆ ಹುಚ್ಚಿನ ಬೆನ್ನು ಹತ್ತಿ ನಾನು ಕಲಿತುಕೊಂಡ ಸಂಗತಿಗಳನ್ನೇ ಇಲ್ಲಿ ಹೇಳಹೊರಟಿದ್ದೇನೆ. ನಾನು ಅದರ ಮೇಲೆ ಒಮ್ಮೆಯೂ ನಿಂತವನಲ್ಲ. ಆದರೆ ಹಾಡಲು ಬಾರದವನೂ ಶ್ರುತಿ ತಪ್ಪಿದ್ದನ್ನು ಗುರುತಿಸಬಲ್ಲನಷ್ಟೆ.

ಸ್ನೋಬೋರ್ಡನ್ನು ನಾನು ಹಿಮಹಲಗೆ ಎಂದು ಕರೆಯುತ್ತೇನೆ. ಸ್ಕೀ ಎಂಬುದು ಕಾಲಿಗೊಂದರಂತೆ ಎರಡು ಪಟ್ಟಿ. ಇದಾದರೋ ಒಂದೇ ಹಲಗೆ. ಎರಡು ಪಾದಗಳನ್ನೂ ಅದರ ಮೇಲೆ ಅಡ್ಡಡ್ಡಲಾಗಿ ಬಿಗಿದುಕೊಂಡು, ಎಡ ಭುಜವನ್ನೋ ಬಲ ಭುಜವನ್ನೋ ಮುಂದೆ ಮಾಡಿ ಇಳಿಜಾರಿನಲ್ಲಿ ಜಾರಬೇಕು. ಆಟ ಹಳೆಯದೇನಲ್ಲ. ೧೯೬೫ರ ಕ್ರಿಸ್ಮಸ್ ದಿನ ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರಿನಲ್ಲಿ ಶರ್ಮನ್ ಪಾಪನ್ ಎಂಬಾತ ತನ್ನ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಕಟ್ಟಿಕೊಟ್ಟ. ಆತನ ಹೆಂಡತಿ ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟಳು. ಮುಂದೆ ೧೯೭೦ರ ದಶಕದಲ್ಲಿ ಜೇಕ್ ಬರ್ಟನ್, ಟಾಮ್ ಸಿಮ್ಸ್, ದಿಮಿತ್ರಿಯೆ ಮಿಲೋವಿಚ್ ಮೊದಲಾದವರು ಅದನ್ನು ಬೆಳೆಸಿದರು. ೧೯೯೮ರಲ್ಲಿ ಜಪಾನಿನ ನಾಗಾನೋದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸಿಗೆ ಅದು ಸೇರಿತು. ನಮ್ಮ ದೇಶದಲ್ಲಿ ಕಾಶ್ಮೀರದ ಗುಲ್‌ಮಾರ್ಗ್ ಇದಕ್ಕೆ ಹೆಸರಾದ ಜಾಗ.

ಪುಡಿಹಿಮ ಎಂದರೇನು? ಗಿರಣಿಯಿಂದ ಆಗತಾನೆ ಬಂದ ರಾಗಿ ಹಿಟ್ಟಿನ ಡಬ್ಬಕ್ಕೆ ಕೈ ಇಳಿಬಿಟ್ಟವರಿಗೆ ಅದರ ಸ್ಪರ್ಶವನ್ನು ಅರ್ಧ ಹೇಳಿದಂತಾಯಿತು. ಅದಕ್ಕಿಂತಲೂ ಎಷ್ಟೋ ಪಾಲು ಹಗುರ. ಹತ್ತು ಲೀಟರಿನ ಬಕೆಟ್ಟಿನಲ್ಲಿ ನೀರು ತುಂಬಿದರೆ ಹತ್ತು ಕಿಲೋ. ಗಾಳಿಯಿಲ್ಲದ ಚಳಿಯಲ್ಲಿ ಬಿದ್ದ ಒಣ ಪುಡಿಹಿಮವನ್ನು ಒತ್ತದೆ ತುಂಬಿದರೆ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ. ಉಳಿದದ್ದೆಲ್ಲ ಗಾಳಿ. ಅದರಲ್ಲಿ ಕಾಲಿಟ್ಟರೆ ತೊಡೆಯವರೆಗೆ ಹೂತುಹೋಗುತ್ತದೆ. ಯಂತ್ರದಿಂದ ಒತ್ತಿ ಹಾಸಿದ ಹಿಮದ ದಾರಿಯಲ್ಲಿ ಜಾರುವುದು ಕಲ್ಲುಚಪ್ಪಡಿಯ ಮೇಲೆ ನಡೆದಂತೆ. ಪುಡಿಹಿಮದಲ್ಲಿ ಜಾರುವುದು ತೇಲಿದಂತೆ. ಈ ತೇಲುವ ಸುಖಕ್ಕಾಗಿಯೇ ಜನ ನಸುಕಿನಲ್ಲೆದ್ದು ಬೆಟ್ಟಕ್ಕೆ ಓಡುತ್ತಾರೆ.

ನಮ್ಮವರು ಒಂದು ಅಂಗಡಿಗೆ ಹೋದರು. ಅಂಗಡಿಯವನು ಇವರನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಗಲ್ಲದವರೆಗೆ ಬರುವ ಹಲಗೆಯನ್ನು ತಂದು ಪಕ್ಕದಲ್ಲಿ ನಿಲ್ಲಿಸಿದ. ಉದ್ದ ೧೬೮ ಸೆಂಟಿಮೀಟರ್. ಬಿರುಸಾದದ್ದು, ನಡು ಸಾಧಾರಣ ಅಗಲದ್ದು. “ನಿಮ್ಮಂಥವರಿಗೆ ಇದೇ ಸರಿ” ಎಂದನಂತೆ. ‘ನಿಮ್ಮಂಥವರು’ ಎಂಬ ಮಾತು ಯಾವ ಭಾಷೆಯಲ್ಲಿದ್ದರೂ ಚುಚ್ಚುತ್ತದೆ. ಎರಡು ಚಳಿಗಾಲ ಇವರು ಆ ತೊಲೆಯೊಡನೆ ಹೆಣಗಿದರು. ಬಯಲು ಇಳಿಜಾರಿನಲ್ಲಿ ಅದು ನೇರವಾಗಿ ಓಡುತ್ತಿತ್ತು. ಮರಗಳ ನಡುವೆ ಹೋದರೆ ತಿರುಗುತ್ತಿರಲಿಲ್ಲ. ಮೂರನೆಯ ವರ್ಷ, ಹೊಸ ಹಿಮ ಬಿದ್ದ ಒಂದು ಬೆಳಿಗ್ಗೆ, ಮರವೊಂದನ್ನು ತಪ್ಪಿಸಲಾರದೆ ಹಲಗೆಯ ಮೂತಿ ಹಿಮಕ್ಕೆ ಚುಚ್ಚಿ, ತಲೆಕೆಳಗಾಗಿ ಬುಡದ ಗುಳಿಗೆ ಬಿದ್ದರು.

ಈ ಗುಳಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಸೂಚಿಪರ್ಣದ ಮರಗಳ ಕೊಂಬೆಗಳು ನೆಲದವರೆಗೆ ಇಳಿಬಿದ್ದಿರುತ್ತವೆ. ಹಿಮವು ಕೊಂಬೆಗಳ ಮೇಲೆ ನಿಲ್ಲುತ್ತದೆ. ಕಾಂಡದ ಸುತ್ತ ಗಟ್ಟಿಯಾಗಿ ಕೂರದೆ ಪೊಳ್ಳು ಉಳಿಯುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಸಮ. ಒಳಗೆ ತಲೆಕೆಳಗಾಗಿ ಬಿದ್ದವನ ಕಾಲು ಹಲಗೆಗೆ ಬಿಗಿದಿರುತ್ತದೆ, ಕೈ ಊರಲು ನೆಲ ಸಿಕ್ಕುವುದಿಲ್ಲ, ಒದ್ದಾಡಿದಷ್ಟೂ ಹಿಮ ಕುಸಿದು ಮುಖವನ್ನು ಮುಚ್ಚುತ್ತದೆ. ನೀರಿಲ್ಲದ ಬೆಟ್ಟದ ಮೇಲೆ ಮುಳುಗುವುದೆಂದರೆ ಇದೇ. ಜೊತೆಗಿದ್ದ ಗೆಳೆಯನೊಬ್ಬ ಹತ್ತು ಮಾರು ದೂರದಲ್ಲಿದ್ದುದರಿಂದ ಕೂಗು ಕೇಳಿ, ಓಡಿಬಂದು ಅಗೆದು ತೆಗೆದ. ಸಂಜೆ ಮನೆಗೆ ಬಂದಾಗ ನನ್ನ ಮಗಳು “ಇನ್ನು ಸಾಕು, ನಿಮ್ಮ ಮೈಗೆ ಈ ಆಟ ಹೇಳಿಸಿದ್ದಲ್ಲ” ಎಂದಳು. ಅವರು ಉತ್ತರ ಕೊಡಲಿಲ್ಲ. ಊಟವಾದ ಮೇಲೆ ನನ್ನ ಹತ್ತಿರ ಬಂದು ಕುಳಿತು, “ಮಾವ, ತಪ್ಪು ನನ್ನ ಮೈಯದೋ ಹಲಗೆಯದೋ ತಿಳಿಯಬೇಕು” ಎಂದರು. ನನಗೆ ಆ ಪ್ರಶ್ನೆ ಹಿಡಿಸಿತು. ಇಬ್ಬರೂ ಕೂಡಿ ಓದಿದೆವು, ಬಲ್ಲವರನ್ನು ವಿಚಾರಿಸಿದೆವು, ಕಾಗದದ ಮೇಲೆ ಲೆಕ್ಕ ಹಾಕಿದೆವು.

ಮೊದಲು ತಿಳಿದದ್ದು ಇದು: ಹಲಗೆಗೆ ಸವಾರನ ಎತ್ತರ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಎರಡೇ, ತೂಕ ಮತ್ತು ಪಾದ. ಗಲ್ಲದವರೆಗೆ, ಮೂಗಿನವರೆಗೆ ಎಂದು ಅಳೆಯುವ ಪದ್ಧತಿ ಬಾಡಿಗೆ ಅಂಗಡಿಯ ಅವಸರಕ್ಕೆ ಒಪ್ಪಬಹುದು. ಅದರಲ್ಲಿ ಬೇರೆ ತತ್ತ್ವವಿಲ್ಲ. ಅರವತ್ತು ಕಿಲೋ ತೂಗುವ ಆರಡಿಯವನಿಗೂ ನೂರು ಕಿಲೋ ತೂಗುವ ಆರಡಿಯವನಿಗೂ ಗಲ್ಲ ಒಂದೇ ಎತ್ತರದಲ್ಲಿರುತ್ತದೆ. ಎತ್ತರವು ಬೇರೆ ಕಡೆ ಲೆಕ್ಕಕ್ಕೆ ಬರುತ್ತದೆ. ನೀಳಗಾಲಿನವನು ಪಾದಗಳನ್ನು ಹೆಚ್ಚು ಅಗಲಿಸಿ ನಿಲ್ಲಬೇಕು. ನಮ್ಮವರ ಮಟ್ಟದವರಿಗೆ ಪಾದದಿಂದ ಪಾದಕ್ಕೆ ೫೬ರಿಂದ ೬೦ ಸೆಂಟಿಮೀಟರ್ ಅಂತರ ಬೇಕಾದೀತು. ತೀರ ಗಿಡ್ಡನೆಯ ಹಲಗೆಗಳಲ್ಲಿ ತಿರುಪು ಹಾಕುವ ತೂತುಗಳು ಅಷ್ಟು ದೂರಕ್ಕೆ ಇರುವುದಿಲ್ಲ. ಕೊಳ್ಳುವ ಮೊದಲು ನೋಡಿಕೊಳ್ಳಬೇಕಾದ ಅಂಶವಿದು.

ಇನ್ನು ತೂಕ. ಮೈತೂಕವನ್ನಷ್ಟೆ ಹಿಡಿದರೆ ಸಾಲದು. ಬೂಟು, ಅಂಗಿ, ಟೋಪಿ, ಬೆನ್ನಚೀಲ, ಅದರೊಳಗಿನ ಸಲಿಕೆ, ನೀರು ಎಲ್ಲ ಸೇರಿ ಎಂಟು ಹತ್ತು ಕಿಲೋ ಮೇಲೆ ಬೀಳುತ್ತದೆ. ನಮ್ಮವರು ಬೆಟ್ಟದ ಮೇಲೆ ೧೧೪ ಕಿಲೋ. ಬರಿಯ ಬೂಟಿನಲ್ಲಿ ನಿಂತರೆ ಎರಡು ಅಡಿಗಳ ವಿಸ್ತಾರ ಸುಮಾರು ೭೦೦ ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ೧೬೦ ಗ್ರಾಮಿನ ಮೇಲೆ ಒತ್ತಡ. ೧೫೮ ಸೆಂಟಿಮೀಟರ್ ಉದ್ದದ ಸಾಧಾರಣ ಹಲಗೆಯ ವಿಸ್ತಾರ ಸುಮಾರು ೪,೨೦೦. ಅದರ ಮೇಲೆ ನಿಂತರೆ ಒತ್ತಡ ೨೭ ಗ್ರಾಮಿಗೆ ಇಳಿಯುತ್ತದೆ. ಅದೇ ಹಲಗೆಯ ಮೇಲೆ ಎಪ್ಪತ್ತು ಕಿಲೋದವನು ತನ್ನ ಸರಂಜಾಮಿನೊಡನೆ ನಿಂತರೆ ೧೯ ಗ್ರಾಮು. ಹಾಗಾದರೆ ನಮ್ಮವರಿಗೂ ೧೯ ಗ್ರಾಮೇ ಆಗಬೇಕೆಂದರೆ ವಿಸ್ತಾರವು ಹೆಚ್ಚು ಕಡಮೆ ಒಂದೂವರೆ ಪಾಲಾಗಬೇಕು. ಉದ್ದದಿಂದಲೇ ಅದನ್ನು ಸಾಧಿಸಹೊರಟರೆ ಎರಡೂಕಾಲು ಮೀಟರಿಗೂ ಮೀರಿದ ಹಲಗೆ! ಅದನ್ನು ಹೊತ್ತು ಬೆಟ್ಟ ಏರಲು ಜೊತೆಗಿನ್ನೊಬ್ಬರು ಬೇಕು. ಅಂಗಡಿಯವನು ಹಿಡಿದ ದಾರಿ ಇದೇ. ಅರ್ಧ ಹೋಗಿ ನಿಂತಿದ್ದ.

ಆದುದರಿಂದ ತೇಲಿಸುವ ಕೆಲಸವನ್ನು ವಿಸ್ತಾರಕ್ಕೊಂದಕ್ಕೇ ಒಪ್ಪಿಸಬಾರದು. ಮಾಲೂರಿನ ಹೆಂಚಿನ ಚೂರೊಂದನ್ನು ತೆಗೆದುಕೊಂಡು ಕೆರೆಯ ನೀರಿಗೆ ಓರೆಯಾಗಿ ಎಸೆದ ಹುಡುಗನಿಗೆ ಈ ತತ್ತ್ವ ಗೊತ್ತು. ಹೆಂಚು ನೀರಿಗಿಂತ ಭಾರ. ಸುಮ್ಮನೆ ಬಿಟ್ಟರೆ ಮುಳುಗುತ್ತದೆ. ವೇಗದಿಂದ ಎಸೆದರೆ ಮೂರು ಸಲ, ಐದು ಸಲ ಪುಟಿದು ಹೋಗುತ್ತದೆ. ಅಡಿಭಾಗ ಸ್ವಲ್ಪ ಮೇಲ್ಮುಖವಾಗಿ ವಾಲಿದ್ದು ವೇಗವಿದ್ದರೆ, ಕೆಳಗಿನ ವಸ್ತು ಅದನ್ನು ಎತ್ತುತ್ತದೆ. ಸ್ಥೂಲವಾಗಿ ಹೇಳುವುದಾದರೆ ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟು. ಇಲ್ಲಿ ಭಾರದವನಿಗೊಂದು ಲಾಭವುಂಟು. ಒಂದೇ ಇಳಿಜಾರಿನಲ್ಲಿ ಗಾಳಿಯ ತಡೆಯನ್ನು ಭೇದಿಸಿ ಹೋಗುವುದರಲ್ಲಿ ಅವನೇ ಮುಂದು. ಒಮ್ಮೆ ಮೇಲೆದ್ದನೆಂದರೆ ಸರಿ. ಕಷ್ಟವೆಲ್ಲ ಏಳುವ ತನಕ, ಹಾಗೂ ವೇಗ ಕುಗ್ಗುವ ಚಪ್ಪಟೆ ಜಾಗದಲ್ಲಿ.

ಮೆತ್ತನೆಯ ವಸ್ತುವಿನ ಮೇಲೆ ಹಲಗೆಯನ್ನೇರಿ ನಿಲ್ಲುವುದು ನಮ್ಮವರಿಗೆ ತೀರ ಹೊಸದೂ ಅಲ್ಲ. ಕೆರೆಯ ಕೆಳಗಿನ ತರಿಯಲ್ಲಿ ಕೆಸರು ಗದ್ದೆಯನ್ನು ಮಟ್ಟ ಮಾಡುವಾಗ ಎತ್ತು ಎಳೆಯುವ ಹಲಗೆಯ ಮೇಲೆ ಒಕ್ಕಲಿಗನು ನಿಲ್ಲುತ್ತಿದ್ದುದನ್ನು ನನ್ನ ವಯಸ್ಸಿನವರು ನೋಡಿದ್ದೇವೆ. ಹಿಂದಕ್ಕೆ ವಾಲಿದರೆ ಮುಂದಿನ ಅಂಚು ಏಳುತ್ತದೆ, ಹಲಗೆ ಜಾರುತ್ತದೆ. ಮುಂದಕ್ಕೆ ವಾಲಿದರೆ ಕೆಸರನ್ನು ಕಚ್ಚುತ್ತದೆ. ಕರಾವಳಿಯ ಕಂಬಳದಲ್ಲಿ ಇದೇ ವಿದ್ಯೆ ಪಂದ್ಯವಾಗಿದೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ಅಲ್ಲಿ ವಿಭಾಗಗಳಿವೆ. ಕನೆಹಲಗೆಯಲ್ಲಿ ಓಡಿಸುವವನು ಹಲಗೆಯ ಮೇಲೆ ಕಾಲೂರಿದಾಗ ಅದರ ರಂಧ್ರದಿಂದ ನೀರು ಚಿಮ್ಮಿ, ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಅಲ್ಲಿ ಕೋಣಗಳು ಎಳೆಯುತ್ತವೆ, ಇಲ್ಲಿ ಇಳಿಜಾರು ಎಳೆಯುತ್ತದೆ. ಅಳಿಯಂದಿರಿಗೆ ನಾನು ಇದನ್ನು ಹೇಳಿದಾಗ, ತಮ್ಮ ತಾತ ಹಾಗೆ ಹಲಗೆಯ ಮೇಲೆ ನಿಂತದ್ದು ನೆನಪಿದೆಯೆಂದರು.

ಈಗ ಚುರುಕಿನ ಮಾತು. ಹಿಮಹಲಗೆಯನ್ನು ಮೇಲಿನಿಂದ ನೋಡಿದರೆ ಬುಡುಬುಡಿಕೆಯಂತೆ ನಡುವಿನಲ್ಲಿ ಸಣ್ಣದಾಗಿರುತ್ತದೆ. ಆ ಪಕ್ಕದ ಒಳಬಾಗು ಒಂದು ದೊಡ್ಡ ವೃತ್ತದ ತುಣುಕು. ವೃತ್ತದ ತ್ರಿಜ್ಯ ಏಳೆಂಟು ಮೀಟರ್ ಇದ್ದರೆ ಹಲಗೆ ಬೇಗ ತಿರುಗುತ್ತದೆ. ಹತ್ತು ಮೀಟರಿದ್ದರೆ ಅಗಲವಾದ ಸುತ್ತನ್ನು ಬಯಸುತ್ತದೆ. ಇದು ಗಟ್ಟಿ ಹಿಮದಲ್ಲಿ ಮುಖ್ಯ. ಪುಡಿಹಿಮದಲ್ಲಿ ಅದಕ್ಕಿಂತ ಮುಖ್ಯವಾದದ್ದು ಒಟ್ಟು ಉದ್ದ. ಪಾದಗಳಿಂದ ಹೊರಕ್ಕೆ ಚಾಚಿಕೊಂಡ ಮೂತಿಯನ್ನೂ ಬಾಲವನ್ನೂ ಪ್ರತಿ ತಿರುವಿನಲ್ಲಿ ಹಿಮದೊಳಗೆ ತಳ್ಳಿ ಸುತ್ತಿಸಬೇಕು. ಉದ್ದನೆಯ ಗಳುವನ್ನು ಹಿಡಿದು ಓಣಿಯಲ್ಲಿ ತಿರುಗುವವನ ಪಾಡನ್ನು ನೆನೆದರೆ ಸಾಕು. ಹೀಗಾಗಿ ತೇಲುವುದಕ್ಕೆ ವಿಸ್ತಾರ ಬೇಕು, ತಿರುಗುವುದಕ್ಕೆ ಉದ್ದ ಬೇಡ. ಉಳಿದದ್ದು ಒಂದೇ, ಅಗಲ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಅಗಲವಾದ ಹಲಗೆಗೆ ಎಲ್ಲರೂ ಹೆದರುತ್ತಾರೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮಗುಚಲು ತಡವಾಗುತ್ತದೆ ಎನ್ನುತ್ತಾರೆ. ನಿಜ, ಆದರೆ ಯಾರಿಗೆ? ಸಣ್ಣ ಪಾದದವನಿಗೆ. ಹಲಗೆಯನ್ನು ಓರೆ ಮಾಡುವುದು ಬೆರಳ ತುದಿ ಮತ್ತು ಹಿಮ್ಮಡಿ. ಅವು ಅಂಚಿಗಿಂತ ಒಳಗೆ ಉಳಿದರೆ ಸನ್ನೆಕೋಲು ಮೊಟಕಾದಂತೆ, ಹಲಗೆ ಮಾತು ಕೇಳುವುದಿಲ್ಲ. ನಮ್ಮವರ ಪಾದದ ಉದ್ದ ೩೦ ಸೆಂಟಿಮೀಟರಿಗೂ ಮೇಲೆ. ಬೂಟು ಹಾಕಿದರೆ ೩೩. ಸಾಮಾನ್ಯ ಹಲಗೆಯ ನಡುವಿನ ಅಗಲ ೨೫, ೨೫.೫. ಅದರ ಮೇಲೆ ನಿಂತರೆ ಅವರ ಬೂಟು ಎರಡೂ ಕಡೆ ಹೊರಚಾಚಿ, ಓರೆಯಾದಾಗ ಗಟ್ಟಿ ಹಿಮಕ್ಕೆ ತಾಗಿ, ಅಂಚು ಕಿತ್ತುಹೋಗುತ್ತಿತ್ತು. ನಡು ೨೭ ಸೆಂಟಿಮೀಟರ್ ಇರುವ ಹಲಗೆ ಸಿಕ್ಕರೆ, ಪಾದ ನಿಲ್ಲುವ ಜಾಗದಲ್ಲಿ ಅದು ಇನ್ನೂ ಸ್ವಲ್ಪ ಅಗಲ. ಪಾದವನ್ನು ತುಸು ಓರೆಯಾಗಿಟ್ಟರೆ ಹೊರಚಾಚುವುದು ಎರಡೆರಡು ಸೆಂಟಿಮೀಟರಿನೊಳಗೆ. ಅಷ್ಟು ಬೇಕು ಕೂಡ. ಇತರರಿಗೆ ದೋಣಿಯಂತೆ ಜಡವಾದದ್ದು ಈ ಪಾದಕ್ಕೆ ಚುರುಕಾಗಿ ಒಗ್ಗುತ್ತದೆ. ಊರಿನ ಅಂಗಡಿಗಳಲ್ಲಿ ಅಳತೆಯ ಚಪ್ಪಲಿ ಸಿಕ್ಕದೆ ಹೇಳಿ ಮಾಡಿಸುತ್ತಿದ್ದ ಪಾದವೇ ಇಲ್ಲಿ ಆಸ್ತಿಯಾಯಿತು!

ಅಗಲವನ್ನು ಹೆಚ್ಚಿಸಿ ಉದ್ದವನ್ನು ತಗ್ಗಿಸುವ ಈ ಬಗೆಯ ಹಲಗೆಗಳು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ವಿಶೇಷವಾಗಿ ಬಂದಿವೆ. ಮಾಮೂಲಿ ಉದ್ದಕ್ಕಿಂತ ಮೂರರಿಂದ ಆರು ಸೆಂಟಿಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು, ಕಡಮೆ ಮಾಡಿ ಕೊಳ್ಳಬಹುದೆಂದು ತಯಾರಕರು ಹೇಳುತ್ತಾರೆ. ಭಾರದವರು ಈ ಮಾತನ್ನು ಪೂರ್ತಿ ನಂಬಬಾರದು. ಒಂದೂವರೆ ಮೀಟರಿಗಿಂತ ಕೆಳಗಿಳಿದರೆ ಮೂತಿಯ ಮುಂದೆ ಚಾಚಿಕೊಂಡಿರುವ ಭಾಗವೇ ಉಳಿಯುವುದಿಲ್ಲ. ನೀಳದೇಹ ಮುಂದಕ್ಕೆ ತೂಗಿದ ಕೂಡಲೇ ಮುಗ್ಗರಿಸುತ್ತದೆ.

ಮೂತಿಯ ಆಕಾರ ಎರಡನೆಯ ಪರೀಕ್ಷೆ. ಮೊರವನ್ನು ನೋಡಿ: ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಪುಡಿಹಿಮದ ಹಲಗೆಯೂ ಮುಂದೆ ಅಗಲವಾಗಿ ಮೇಲಕ್ಕೆ ನಿಧಾನವಾಗಿ ಬಾಗಿರಬೇಕು, ಹಿಂದೆ ಹದಿನೈದು ಇಪ್ಪತ್ತು ಮಿಲಿಮೀಟರಿನಷ್ಟು ಕಿರಿದಾಗಿರಬೇಕು. ಕಿರಿದಾದ ಬಾಲ ಹಿಮದಲ್ಲಿ ಇಳಿಯುತ್ತದೆ, ಅದರಿಂದ ಮೂತಿ ತಾನಾಗಿ ಏಳುತ್ತದೆ. ತಿರುವಿನ ಕೊನೆಗೆ ಬಾಲ ಬೇಗ ಬಿಟ್ಟುಕೊಡುತ್ತದೆ. ಕಾಲು ನಿಲ್ಲುವ ಜಾಗವೂ ನಟ್ಟನಡುವಿನಿಂದ ಕೆಲವು ಸೆಂಟಿಮೀಟರ್ ಹಿಂದಕ್ಕೆ ಸರಿದಿರುತ್ತದೆ. ಈ ಎರಡೂ ಇಲ್ಲದ ಹಲಗೆಯ ಮೇಲೆ ಭಾರದವನು ದಿನವೆಲ್ಲ ಹಿಂಗಾಲಿನ ಮೇಲೆ ಮೈ ಬಿಟ್ಟು ಇಳಿಯಬೇಕು. ಮಧ್ಯಾಹ್ನದ ಹೊತ್ತಿಗೆ ತೊಡೆ ಉರಿದುಹೋಗುತ್ತದೆ. ದಣಿದವನು ಸರಿಯಾದ ಕ್ಷಣದಲ್ಲಿ ತಿರುಗಲಾರ. ನಮ್ಮವರು ಬಿದ್ದದ್ದು ಅಂಥದೇ ಒಂದು ಕ್ಷಣದಲ್ಲಿ ಎಂದು ನನ್ನ ಊಹೆ.

ಬಾಲವನ್ನು ಕವಲಾಗಿ ಸೀಳಿದ ಹಲಗೆಗಳೂ ಇವೆ. ನಮ್ಮ ಕಾಜಾಣದ ಬಾಲವನ್ನು ಕಂಡವರಿಗೆ ಅದರ ರೂಪ ಹೊಳೆಯುತ್ತದೆ. ಮಿಲೋವಿಚ್ ಯೂಟಾ ರಾಜ್ಯದ ಪುಡಿಹಿಮಕ್ಕಾಗಿ ೧೯೭೦ರ ದಶಕದಲ್ಲಿಯೇ ‘ವಿಂಟರ್‌ಸ್ಟಿಕ್’ ಎಂಬ ಹೆಸರಿನಲ್ಲಿ ಇಂಥದನ್ನು ಮಾಡಿದ್ದ. ಜಪಾನಿನ ಹೊಕ್ಕೈಡೋ ದ್ವೀಪದ ನಿಸೆಕೋದಲ್ಲಿ ತಾರೋ ತಮಾಯಿ ಎಂಬಾತನ ‘ಜೆಂಟೆಮ್‌ಸ್ಟಿಕ್’ ಹಲಗೆಗಳು ಕಡಲಲೆಯ ಹಲಗೆಗಳ ರೂಪವನ್ನು ಹಿಮಕ್ಕೆ ತಂದವು. ನೋಡಲು ಬಲು ಚೆಲುವು. ಕವಲುಬಾಲವೇ ಬೇಕೆಂಬ ಹಟ ಮಾತ್ರ ಅನಾವಶ್ಯಕ. ಅಗಲ ಸರಿಯಿದ್ದರೆ ದುಂಡುಬಾಲವೂ ನಡೆಯುತ್ತದೆ.

ಮೂರನೆಯದು ಬಿರುಸು. ಇದರಲ್ಲಿ ಭಾರದವರು ಎರಡು ಕಡೆಯೂ ಮೋಸಹೋಗುತ್ತಾರೆ. ಹಿಂದೆ ಮೊಸರಿನ ಗಡಿಗೆಗಳನ್ನು ಅಡ್ಡೆಯ ಮೇಲೆ ಹೊತ್ತು ತರುತ್ತಿದ್ದವರು ಬಿದಿರನ್ನು ಆರಿಸುತ್ತಿದ್ದ ರೀತಿ ನೆನಪಿಗೆ ಬರುತ್ತದೆ. ತೀರ ತೆಳ್ಳಗಿದ್ದರೆ ಜೋತುಬೀಳುತ್ತದೆ, ತೀರ ಗಟ್ಟಿಯಿದ್ದರೆ ಹೆಗಲು ಮುರಿಯುತ್ತದೆ. ಹೊರೆಗೆ ತಕ್ಕಂತೆ ತೂಗಬೇಕು, ತೂಗಿ ಮರಳಬೇಕು. ಅರವತ್ತೈದು ಕಿಲೋದವನು ‘ನಡುವಣ ಬಿರುಸು’ ಎಂದು ಮೆಚ್ಚಿದ ಹಲಗೆ ನೂರು ಕಿಲೋದವನ ಕೆಳಗೆ ಬಾಳೆಯ ಪಟ್ಟೆಯಂತೆ ಮಡಿಯುತ್ತದೆ. ಮೂತಿ ಮಡಿದರೆ ಅದರ ಅಗಲದಿಂದ ಪ್ರಯೋಜನವಿಲ್ಲ. ಹಾಗೆಂದು ಅತ್ಯಂತ ಬಿರುಸಾದದ್ದನ್ನು ಕೊಂಡರೆ ತೊಲೆಯ ಕಥೆ ಮರುಕಳಿಸಿತು. ಒಳ್ಳೆಯ ತಯಾರಕರು ಪ್ರತಿ ಅಳತೆಗೂ ಸವಾರನ ತೂಕದ ಮಿತಿಯನ್ನು ಪಟ್ಟಿಯಲ್ಲಿ ಕೊಡುತ್ತಾರೆ. ಆ ಮಿತಿಯ ತುತ್ತತುದಿಯಲ್ಲಿ ನಮ್ಮ ತೂಕ ಬರದಂತೆ, ನಡುವಿನಿಂದ ಸ್ವಲ್ಪ ಮೇಲೆ ಬರುವಂತೆ ಆರಿಸಬೇಕು. ಹಿಂಗಾಲಿನ ಕೆಳಗೆ ಗಟ್ಟಿ, ಮುಂದೆ ತುಸು ಮೃದು ಇರುವುದು ಉತ್ತಮ. ಅಡಿಯ ಬಾಗಿನ ವಿಚಾರವಾಗಿ ಗ್ರಂಥಗಳಷ್ಟು ಚರ್ಚೆಯಿದೆ. ಪಾದಗಳ ಕೆಳಗೆ ಕಮಾನು, ಮುಂದೆ ಮೇಲ್ಬಾಗು ಎಂಬ ಜೋಡಿ ಭಾರದವರಿಗೆ ಹೊಂದುತ್ತದೆ ಎಂದಷ್ಟು ಹೇಳಿ ಮುಂದೆ ಹೋಗುತ್ತೇನೆ.

ಯಾವ ಹಿಮ ಎಂಬುದನ್ನೂ ಕೇಳಿಕೊಳ್ಳಬೇಕು. ಹೊಕ್ಕೈಡೋದ ಹಿಮ ಸೈಬೀರಿಯದ ಚಳಿಗಾಳಿಯಿಂದ ಬಂದದ್ದು, ಒಣಗಿದ್ದು, ಹಗುರ. ಕ್ಯಾಸ್ಕೇಡಿನದು ಪೆಸಿಫಿಕ್ ಸಾಗರದ ತೇವವನ್ನು ಹೊತ್ತು ತಂದದ್ದು. ಭಾರ, ಅಂಟು, ಅಳತೆ ಮೀರಿ ಬೀಳುತ್ತದೆ. ಅಲ್ಲಿನ ಮೌಂಟ್ ಬೇಕರ್ ಎಂಬಲ್ಲಿ ೧೯೯೮–೯೯ರ ಒಂದೇ ಋತುವಿನಲ್ಲಿ ೧,೧೪೦ ಅಂಗುಲ, ಎಂದರೆ ತೊಂಬತ್ತೈದು ಅಡಿ ಹಿಮ ಬಿದ್ದು ಜಗತ್ತಿನ ದಾಖಲೆಯಾಯಿತು. ಹಸಿ ಹಿಮ ಒತ್ತಿಕೊಂಡು ಹೊರುತ್ತದೆ, ಆದುದರಿಂದ ಭಾರದವನು ಅಲ್ಲಿ ಕೊಂಚ ಗಿಡ್ಡ ಹಲಗೆಯಿಂದಲೂ ತೇಲುತ್ತಾನೆ. ಆದರೆ ಅದು ತಳ್ಳಲು ಭಾರ, ತಿರುವಿಗೆ ಹೆಚ್ಚು ಬಲ ಬೇಕು. ಒಣಹಿಮದಲ್ಲಿ ಇದರ ವಿಪರ್ಯಾಸ. ಗುಲ್‌ಮಾರ್ಗಿಗೆ ಹೋಗುವವರು ಅಲ್ಲಿಯೇ ಬಾಡಿಗೆಗೆ ಪಡೆಯೋಣವೆಂದು ಬರಿಗೈಯಲ್ಲಿ ಹೊರಡಬಾರದು; ಇಷ್ಟು ಅಗಲದ ಹಲಗೆಯೂ ಇಷ್ಟು ದೊಡ್ಡ ಬೂಟೂ ಸಿಕ್ಕೇ ಸಿಕ್ಕುವುದೆಂಬ ಭರವಸೆ ಎಲ್ಲಿಯೂ ಇಲ್ಲ.

ಕಡೆಗೆ ನಮ್ಮವರು ನಾಲ್ಕು ಹಲಗೆಗಳನ್ನು ಒಂದೊಂದು ದಿನ ಬಾಡಿಗೆಗೆ ತಂದು ನೋಡಿದರು. ಈ ಖರ್ಚನ್ನು ಉಳಿಸಬಾರದು. ಮೊದಲನೆಯದು ೧೫೨ರದು: ಚುರುಕೇನೋ ಹೌದು, ಆದರೆ ಚಪ್ಪಟೆ ಜಾಗದಲ್ಲಿ ಹೂತು ನಿಂತಿತು. ಎರಡನೆಯದು ೧೬೪ರದು, ಹಳೆಯ ಹಲಗೆಯ ತಮ್ಮನಂತೆ. ಮೂರನೆಯದು ಮೃದುವಾಗಿ ಮೂತಿ ಮಡಿಯಿತು. ನಾಲ್ಕನೆಯದು ೧೫೯ ಉದ್ದ, ನಡು ೨೭, ಬಾಲದ ಕಿರಿತನ ೧೮ ಮಿಲಿಮೀಟರ್, ತಿರುವಿನ ತ್ರಿಜ್ಯ ಎಂಟು ಮೀಟರಿನೊಳಗೆ. ಆ ದಿನ ನಾನೂ ಬೆಟ್ಟದ ಬುಡದ ಕಾಫಿ ಮನೆಯ ಕಿಟಕಿಯಲ್ಲಿ ಕುಳಿತಿದ್ದೆ. ದೂರದಿಂದ ಎಲ್ಲರೂ ಒಂದೇ ಬಗೆಯ ಬಣ್ಣದ ಚುಕ್ಕೆಗಳು. ನಮ್ಮವರನ್ನು ನಾನು ಸದಾ ಗುರುತಿಸುತ್ತಿದ್ದುದು ಅವರು ತಿರುವಿಗೆ ಮುಂಚೆ ಎರಡು ಕೈಗಳನ್ನೂ ಚಾಚಿ ಹೆಣಗುವ ರೀತಿಯಿಂದ. ಅಂದು ಗುರುತಿಸಲಾಗಲಿಲ್ಲ. ಹತ್ತಿರ ಬಂದು ಕನ್ನಡಕ ತೆಗೆದ ಮೇಲೆಯೇ ಅವರೆಂದು ತಿಳಿದದ್ದು.

ಹಳೆಯ ಹಲಗೆಯನ್ನು ಕೊಳ್ಳುವವರಿಗೆ ಎರಡು ಮಾತು. ಅಡಿಯಲ್ಲಿ ಒಳಗಿನ ಮರ ಕಾಣುವಷ್ಟು ಆಳದ ಗಾಯವಿದ್ದರೆ ಬಿಡಬೇಕು, ನೀರು ಕುಡಿದು ಉಬ್ಬಿರುತ್ತದೆ. ಮೂತಿ ಬಾಲಗಳ ಪದರ ಬಾಯಿ ಬಿಟ್ಟಿದ್ದರೂ ಬಿಡಬೇಕು. ಭಾರದವನ ಕೆಳಗೆ ಅದು ಇನ್ನಷ್ಟು ಬೇಗ ಬಿಚ್ಚಿಕೊಳ್ಳುತ್ತದೆ. ಬೈಂಡಿಂಗ್ ಎಂಬ ಪಾದದ ಪಟ್ಟಿ ಬೂಟಿನ ಅಳತೆಗೆ ದೊಡ್ಡದೇ ಇರಬೇಕು. ಹಲಗೆಗೆ ಹಣ ಸುರಿದು ಇದರಲ್ಲಿ ಜಿಪುಣತನ ಮಾಡುವವರನ್ನು ನೋಡಿದ್ದೇನೆ.

ಮಗಳನ್ನು ಒಪ್ಪಿಸಿದ್ದು ಹಲಗೆಯಲ್ಲ, ಅವರು ಒಪ್ಪಿಕೊಂಡ ಕಟ್ಟಳೆಗಳು. ಮರಗಳ ನಡುವೆ ಒಬ್ಬರೇ ಹೋಗುವಂತಿಲ್ಲ. ಜೊತೆಗಾರ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿರಬೇಕು. ಕೊರಳಿನಲ್ಲಿ ಸೀಟಿ. ಹಿಮಪಾತದ ಮುನ್ಸೂಚನೆಯನ್ನು ಓದದೆ ಹೊರಡುವಂತಿಲ್ಲ. ಕಾಯ್ದ ದಾರಿಯನ್ನು ಬಿಟ್ಟುಹೋಗುವ ದಿನ ಹೂತವರನ್ನು ಪತ್ತೆಮಾಡುವ ರೇಡಿಯೋ ಪೆಟ್ಟಿಗ��, ಚುಚ್ಚುವ ನೀಳ ಕೋಲು, ಸಲಿಕೆ ಮೂರೂ ಮೈಮೇಲಿರಬೇಕು. ೨೦೨೩ರ ಫೆಬ್ರುವರಿಯಲ್ಲಿ ಗುಲ್‌ಮಾರ್ಗಿನ ಅಫರ್ವಟ್ ಶಿಖರದ ಬಳಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸತ್ತರು. ಮರುವರ್ಷ ಅದೇ ತಿಂಗಳಲ್ಲಿ ರಷ್ಯದವನೊಬ್ಬ. ಕುಸಿಯುವ ಬೆಟ್ಟದ ಮುಂದೆ ಹಲಗೆಯ ಅಗಲ ಉದ್ದಗಳ ಲೆಕ್ಕ ನಡೆಯುವುದಿಲ್ಲ. ಮರದ ಬುಡಕ್ಕೆ ಬೀಳುವಂತಾದರೆ ಕಾಂಡವನ್ನೋ ಕೊಂಬೆಯನ್ನೋ ತಬ್ಬಿಕೊಳ್ಳಬೇಕು, ತಲೆ ಕೆಳಗಾಗಲು ಬಿಡಬಾರದು. ಬಿದ್ದರೆ ಒದ್ದಾಡದೆ ಮುಖದ ಮುಂದೆ ಕೈಯಿಂದ ಉಸಿರಿಗೆ ಜಾಗ ಮಾಡಿಕೊಂಡು ಜೊತೆಗಾರನಿಗಾಗಿ ಕಾಯಬೇಕು. ಇದನ್ನು ಅವರು ಈಗ ಪ್ರತಿ ವರ್ಷ ಮೊದಲ ಹಿಮ ಬಿದ್ದಾಗ, ಅಲ್ಲಿನ ಕನ್ನಡದ ಹುಡುಗರನ್ನು ಕೂಡಿಸಿಕೊಂಡು ಹಿತ್ತಲಿನ ದೇವದಾರು ಮರದ ಕೆಳಗೆ ಮಾಡಿ ತೋರಿಸುತ್ತಾರೆ.